ಶುಕ್ರವಾರ ಹೆಪ್ಪು ಕೊಡುವುದಿಲ್ಲ

ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಕಲ್ಯಾಣದುರ್ಗದಿಂದ ತಂಗಿಯ ಫೋನು ಬಂತು. ಎರಡೂ ಕೈ ಅಂಟಂಟು. ಕಿರುಬೆರಳಿನಿಂದ ಒತ್ತಿ, ಸ್ಪೀಕರ್ ಹಾಕಿ, ನೆಲದ ಮೇಲೇ ಇಟ್ಟು ಬಗ್ಗಿದೆ.

“ಅಕ್ಕಾ, ಆ ಹುಡುಗೀನ ಕಳಿಸ್ಬುಟ್ರು ಕಣೆ.”

“ಯಾವ ಹುಡುಗಿ?” ಎಂದೆ. ಯಾವ ಹುಡುಗಿ ಎಂದು ನನಗೆ ಗೊತ್ತಿತ್ತು.

“ನಿಮ್ಮೆದುರು ಮನೇದು. ಬೆಳಿಗ್ಗೆ ಪೆದ್ದಮನುಷ್ಯರು, ಊರ ಹಿರೀಕರೆಲ್ಲ ಕೂತು ರಾಜಿ ಮಾಡ್ಬುಟ್ರು. ಅವ್ಳ ಗಂಡ ಉರಿಯೋ ಕರ್ಪೂರನ ಅಂಗೈಲಿ ಆರಿಸಿ ಆಣೆ ಮಾಡ್ದ, ಇನ್ಮೇಲೆ ಕೈ ಎತ್ತಲ್ಲ ಅಂತ. ರೊದ್ದಂ ಮೇಲೆ ಬರೋ ಬಸ್ಸಿಗೆ ಹತ್ತಿಸವ್ರೆ. ಸಾಯಂಕಾಲಕ್ಕೆ ಬತ್ತಾರೆ.”

“ಅವಳೇನಂದ್ಲು?”

“ಅವ್ಳನ್ನ ಯಾರು ಕೇಳಿದ್ರು? ಸೀರೆ ಸುತ್ತಿ, ಹೂವ ಮುಡಿಸಿ ಕಳಿಸಿದ್ರು. ಅಕ್ಕಾ, ಒಂದ್ ಕಣ್ಣಿಟ್ಟಿರು ಕಣೆ.”

ಫೋನು ನಿಂತಿತು. ನನ್ನ ಮುಂದೆ ಬೀಜ ಒಂದು ಕಡೆ, ನಾರು ಒಂದು ಕಡೆ, ಹಣ್ಣು ಒಂದು ಕಡೆ ಬಿದ್ದಿತ್ತು. ಕರ್ಪೂರ ಆರಿಸಿದನಂತೆ. ದೇವರ ಮುಂದೆ ಕರ್ಪೂರ ಆರಿಸಿದವನ ಮಾತನ್ನು ನಂಬದಿರುವುದು ನಮ್ಮ ಮನೆಗಳಲ್ಲಿ ಪಾಪ. ನಾನು ಬೆಳಿಗ್ಗೆ ಎದ್ದು ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಶಿವನಿಗೆ ಕೈ ಮುಗಿಯದೆ ನೀರು ಕುಡಿಯುವವಳಲ್ಲ. ಆದರೂ ನಂಬಿಕೆ ಬರಲಿಲ್ಲ. ಶಿವ, ತಪ್ಪಾದರೆ ನನ್ನ ಮೇಲಿರಲಿ ಎಂದುಕೊಂಡು ಇನ್ನೊಂದು ಹಣ್ಣು ತೆಗೆದುಕೊಂಡೆ.

ನಮ್ಮದು ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿಗಳ ಹಿಂದಿನ ಇಕ್ಕಟ್ಟಾದ ಬೀದಿ. ನಮ್ಮ ಮನೆಯವರು ಒಂದು ಮಂಡಿಯಲ್ಲಿ ತೂಕ ನೋಡಿಕೊಳ್ಳುತ್ತಾರೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಎದುರು ಮನೆಯವರು ಸೀನುವಷ್ಟು ಹತ್ತಿರ. ಹಣ್ಣಿನ ಕಾಲ ಬಂತೆಂದರೆ ಹೆಂಗಸರೆಲ್ಲ ಜಗಲಿಯ ಮೇಲೆಯೇ. ಕನ್ನಡವೋ ತೆಲುಗೋ ಎಂದು ಯಾರೂ ನೋಡುವುದಿಲ್ಲ, ಬಾಯಿಗೆ ಮೊದಲು ಬಂದದ್ದೇ ಮಾತು. ಹೀಗಿರುವ ಬೀದಿಯಲ್ಲಿ ಯಾರ ಮನೆಯ ಗುಟ್ಟೂ ಗುಟ್ಟಾಗಿ ಉಳಿಯುವುದಿಲ್ಲ. ಉಳಿಯುವುದಿಲ್ಲ ಎಂದ ಮಾತ್ರಕ್ಕೆ ಯಾರೂ ಬಾಯಿ ಬಿಟ್ಟು ಕೇಳುವುದೂ ಇಲ್ಲ. ಗಂಡ ಹೆಂಡತಿಯ ವಿಷಯ, ನಾಳೆ ಅವರೇ ಒಂದಾಗುತ್ತಾರೆ, ನಮಗ್ಯಾಕೆ ಎಂದು ಸುಮ್ಮನಿರುವುದು.

ಈ ಸುಮ್ಮನಿರುವುದಕ್ಕೆ ಒಂದು ದಾರಿ ಕಂಡುಕೊಂಡವಳು ಮೂಲೆ ಮನೆಯ ಅಜ್ಜಿ. ಕುಂದುರ್ಪಿಯ ಕಡೆಯಿಂದ ಸೊಸೆಯಾಗಿ ಬಂದವಳು. ಅವಳ ತಾಯಿಯ ಊರಿನಲ್ಲಿ ಒಂದು ಪದ್ಧತಿ ಇತ್ತಂತೆ. ಯಾವುದಾದರೂ ಮನೆಯಲ್ಲಿ ಗಂಡ ಕೈ ಎತ್ತಿದ ಸದ್ದು ಕೇಳಿದರೆ ಬೀದಿಯ ಒಬ್ಬ ಹೆಂಗಸು ಬಟ್ಟಲು ಹಿಡಿದು ಆ ಮನೆಯ ಬಾಗಿಲಿಗೆ ಹೋಗಿ ಹೆಪ್ಪು ಕೇಳಬೇಕು. ಅಷ್ಟೆ. ಏನಾಯಿತು ಎಂದು ಕೇಳಬಾರದು. ಬುದ್ಧಿ ಹೇಳಬಾರದು. ಗಂಡಸಿನ ಮುಖ ನೋಡಬಾರದು. ಆ ಮನೆಯಾಕೆ ತನ್ನ ಕೈಯಾರೆ ಹೆಪ್ಪು ತಂದು ಬಟ್ಟಲಿಗೆ ಹಾಕುವವರೆಗೆ ಹೊಸ್ತಿಲು ಬಿಟ್ಟು ಕದಲಬಾರದು. ಅವಳು ಬಂದಳೆಂದರೆ ಅವಳ ಮುಖ ಕಾಣುತ್ತದೆ, ಕೈ ಕಾಣುತ್ತದೆ. ಒಬ್ಬಳು ಹೋದ ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಹೋಗುವುದು. ಅಷ್ಟರಲ್ಲಿ ಹೊಡೆಯುವ ಕೈಗೆ ಬೇಸರ ಬರುತ್ತದೆ.

“ಜಗಳ ಬಿಡಿಸಕ್ಕೋದ್ರೆ ಅವ್ನಿಗೆ ಅವಮಾನ ಆಯ್ತದೆ ಕಣೇ,” ಎನ್ನುತ್ತಿದ್ದಳು ಅಜ್ಜಿ. “ನಾವು ಬೆನ್ನು ತಿರುಗಿಸ್ತಿದ್ದಂಗೆ ಇನ್ನೆರಡು ಬಿಗೀತಾನೆ. ಹೆಪ್ಪು ಕೇಳಿದ್ರೆ ಏನಂತಾನೆ? ಹೆಪ್ಪಿಗೆ ಇಲ್ಲ ಅನ್ನೋ ಮನೆ ಐತಾ?”

ನಿಜವಾಗಿಯೂ ಇರಲಿಲ್ಲ. ಕುಡಿದು ಬಂದು ಹೆಂಡತಿಯ ಜುಟ್ಟು ಹಿಡಿಯುತ್ತಿದ್ದ ಒಬ್ಬ ಒಂದು ದಿನ ಬಾಗಿಲಲ್ಲಿ ನಿಂತು ಅಜ್ಜಿಯನ್ನು ಕೇಳಿದ: “ಏನ್ರಮ್ಮಾ, ಈ ಬೀದೀಲಿ ಯಾರ ಮನೇಲೂ ಮೊಸರೇ ಇಲ್ವಾ? ನಮ್ಮನೇನೇನು ಡೈರಿನಾ?”

“ನಿಮ್ಮನೆ ಮೊಸರು ಗಟ್ಟಿ ಕಣಪ್ಪಾ,” ಎಂದಳು ಅಜ್ಜಿ. “ಗಟ್ಟಿಯಾಗಿರೋದು ನಿಮ್ಮನೇಲಿ ಅದೊಂದೇ.”

ಅವನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅವನೂ ಹಲ್ಲು ಕಿರಿದ. ಆ ದಿನ ಹಾಗೆ ಕಳೆಯಿತು. ಮಾರನೆಯ ವಾರ ಮತ್ತೆ ಕುಡಿದ, ಮತ್ತೆ ಹೊಡೆದ, ನಾವು ಮತ್ತೆ ಬಟ್ಟಲು ತೆಗೆದುಕೊಂಡು ಹೋದೆವು. ಇದರಿಂದ ಯಾರೂ ಒಳ್ಳೆಯವರಾದರು ಎಂದು ಅಜ್ಜಿ ಯಾವತ್ತೂ ಹೇಳಿಕೊಂಡವಳಲ್ಲ. ಒಂದು ಸಂಜೆ ದಾಟಿಸಿದರೆ ಅದೇ ದೇವರು ಕೊಟ್ಟದ್ದು ಎನ್ನುತ್ತಿದ್ದಳು. ನಾನೂ ಅದನ್ನೇ ನಂಬಿದವಳು.

ಎದುರು ಮನೆಯ ಹುಡುಗಿ ಕಲ್ಯಾಣದುರ್ಗದಿಂದ ಮದುವೆಯಾಗಿ ಬಂದಳು. ಅವಳ ತಾಯಿಯ ಮನೆ ನನ್ನ ತಂಗಿಯ ಬೀದಿಯಲ್ಲೇ ಇದ್ದದ್ದರಿಂದ ಬಂದ ದಿನವೇ ನನ್ನನ್ನು ದೊಡ್ಡಮ್ಮ ಎಂದು ಕರೆದಳು. ಗಂಡ ಊರಾಚೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕುಡಿಯುವವನಲ್ಲ, ಬೀಡಿ ಸೇದುವವನಲ್ಲ. ಶುಕ್ರವಾರ ಸಂಜೆ ತಪ್ಪದೆ ದೇವಸ್ಥಾನದ ಭಜನೆಗೆ ಹೋಗುತ್ತಿದ್ದ, ತಾಳ ಹಾಕುತ್ತಿದ್ದ. ನನ್ನ ಗ್ಯಾಸ್ ಸಿಲಿಂಡರನ್ನು ಎಷ್ಟೋ ಸಲ ತಾನೇ ಹೊತ್ತು ಅಡುಗೆಮನೆಗೆ ಇಟ್ಟುಕೊಟ್ಟಿದ್ದಾನೆ. ಇಂಥ ಅಳಿಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ತಂಗಿಗೆ ಫೋನಿನಲ್ಲಿ ಹೇಳಿದ್ದವಳು ನಾನೇ.

ಆ ಮನೆಯಲ್ಲಿ ಕೂಗಾಟ ಇರುತ್ತಿರಲಿಲ್ಲ, ಬೈಗುಳ ಇರುತ್ತಿರಲಿಲ್ಲ. ಒಂದು ಪಾತ್ರೆ ಬಿದ್ದ ಸದ್ದು. ಆಮೇಲೆ ಟೀವಿಯ ಸದ್ದು ಜೋರು. ಟೀವಿ ಕಡಿಮೆಯಾದಾಗ ಹುಡುಗಿ ಮೂಗು ಸೀಟಿಕೊಳ್ಳುವುದು ಕೇಳುತ್ತಿತ್ತು. ಎದುರಿಗಿದ್ದ ನನಗೂ, ಪಕ್ಕದ ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿರುವವಳಿಗೂ ಮಾತ್ರ ಗೊತ್ತಾದ ಸಂಗತಿ ಅದು. ಹೊಲಿಗೆಯವಳು ಮುಸ್ಲಿಮರವಳು, ಬಾಯಿ ಜೋರು, ಮನಸ್ಸು ಬೆಣ್ಣೆ. “ಅಕ್ಕಾ, ಟೀವಿ ಜೋರಾಯ್ತು, ನಾನು ಮಿಷನ್ ನಿಲ್ಲಿಸ್ದೆ, ನೀವು ಬಟ್ಟಲು ತಗೊಳ್ಳಿ,” ಎಂದು ಕಿಟಕಿಯಿಂದ ಹೇಳಿದಳು. ಮೊದಲ ಸಲ ನಾನು ಹೋದೆ. ಹಿಂದೆಯೇ ಅಜ್ಜಿ. ಅಜ್ಜಿಯ ಹಿಂದೆ ಅವಳು, ಸ್ಟೀಲ್ ಡಬ್ಬಿ ಹಿಡಿದು.

ಹುಡುಗಿ ಹೆಪ್ಪು ತಂದು ಒಬ್ಬೊಬ್ಬರಿಗೂ ಒಂದು ಚಮಚ ಹಾಕಿದಳು. ತುಟಿ ಊದಿತ್ತು. ನಾವು ಮುಖ ನೋಡಿದೆವು, ಏನೂ ಕೇಳಲಿಲ್ಲ. ಕೆಲವು ಸಲ ಹೀಗೆ ಆದ ಮೇಲೆ ಅವಳಿಗೂ ಅರ್ಥವಾಯಿತು. ಒಂದು ಮಧ್ಯಾಹ್ನ ನನ್ನ ಮತ್ತು ಅಜ್ಜಿಯ ಜೊತೆ ಹುಣಸೆಹಣ್ಣು ಬಿಡಿಸುತ್ತಾ ಹೇಳಿದಳು: “ದೊಡ್ಡಮ್ಮಾ, ನಿಮ್ ಬೀದಿಯವ್ರಿಗೋಸ್ಕರನೇ ನಾನು ದಿನಾ ಅರ್ಧ ಲೀಟರ್ ಜಾಸ್ತಿ ಹಾಲು ತಗೋಬೇಕಾಯ್ತದೆ.”

“ತಗೊಳ್ಳಮ್ಮಾ,” ಎಂದಳು ಅಜ್ಜಿ. “ನಿನ್ ಹೆಪ್ಪಿನಿಂದ ನಮ್ಮನೆ ಮೊಸರೆಲ್ಲ ಒಂದೇ ರುಚಿ ಬಂದ್ಬುಟ್ಟದೆ.”

ಹೊಡೆಯುವುದು ನಿಂತಿತು ಎಂದು ಹೇಳಲಾರೆ. ಕಡಿಮೆಯಾಯಿತು. ಆ ವರ್ಷ ನಾನು ದೇವರ ಮುಂದೆ ಕುಳಿತು ನೆನೆದುಕೊಳ್ಳುತ್ತಿದ್ದ ಸಣ್ಣ ಸಣ್ಣ ಕರುಣೆಗಳಲ್ಲಿ ಅದೂ ಒಂದಾಗಿತ್ತು.

ಆಮೇಲೆ ಹೆಂಗಸರ ಏಳಿಗೆಗೆ ಕೆಲಸ ಮಾಡುವ ಯಾರೋ ಬಂದರು. ಒಳ್ಳೆಯ ಮಕ್ಕಳು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೀದಿಯಲ್ಲಿ ಹೊಡೆದಾಟ ಬಡಿದಾಟ ಆಗದಂತೆ ಬೀದಿಯವರೇ ಏನು ಮಾಡಬಹುದು ಎಂದು ಮನೆಮನೆಗೆ ಬಂದು ಕೇಳಿದರು. ಯಾರೋ ಹೆಪ್ಪಿನ ವಿಷಯ ಹೇಳಿದರು. ಅದನ್ನು ಕೇಳಿ ಅವರಲ್ಲಿದ್ದ ಒಬ್ಬ ಹುಡುಗಿಯ ಕಣ್ಣಲ್ಲಿ ನೀರು ಬಂತು. ಇದನ್ನು ಎಲ್ಲರೂ ಕೇಳಬೇಕು, ಗಂಡಸರೂ ಕೇಳಬೇಕು, ಅವರನ್ನು ಬಿಟ್ಟು ನಾವು ಏನೂ ಬದಲಾಯಿಸಲಾರೆವು ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಭಾನುವಾರ ಪೆಂಡಾಲ್ ಹಾಕಿ ಸಭೆ ಮಾಡಿದರು. ಅಜ್ಜಿಗೆ ಶಾಲು ಹೊದೆಸಿ, ಹಾರ ಹಾಕಿ, ಹೆಪ್ಪು ಕೇಳುವ ಪದ್ಧತಿಯನ್ನು ಅಡಿಯಿಂದ ಮುಡಿಯವರೆಗೆ ಮೈಕಿನಲ್ಲಿ ಹೇಳಿದರು.

ಅಜ್ಜಿ ನನ್ನ ಸೆರಗು ಎಳೆದಳು. “ಏ, ಅದ್ನೆಲ್ಲ ಮೈಕ್ನಾಗೆ ಯೋಳ್ತಾರೇನೇ?”

ಎದುರು ಮನೆಯವನು ಬೆಳಿಗ್ಗೆಯಿಂದ ಕುರ್ಚಿ ಜೋಡಿಸಿ, ಎಲ್ಲರಿಗೂ ನೀರು ಕೊಟ್ಟು, ಮುಂದಿನ ಸಾಲಿನಲ್ಲೇ ಕುಳಿತಿದ್ದ. ಚಪ್ಪಾಳೆ ತಟ್ಟಿದ. ಕೊನೆಯಲ್ಲಿ ಬಂದು ಅಜ್ಜಿಯ ಕಾಲು ಮುಟ್ಟಿದ.

“ಅಜ್ಜೀ, ನೀವು ನಮ್ ಬೀದೀಗೆ ದೇವರಿದ್ದಂಗೆ.”

“ನೂರು ವರ್ಷ ಚೆನ್ನಾಗಿರಪ್ಪಾ,” ಎಂದು ಅಜ್ಜಿ ತಲೆ ಮುಟ್ಟಿದಳು. ಇನ್ನೇನು ಹೇಳುತ್ತಾಳೆ?

ಅದಾದ ಸ್ವಲ್ಪ ದಿನಕ್ಕೆ ಆ ಶುಕ್ರವಾರ ಬಂತು.

ನಮ್ಮ ಕಡೆಯ ಮನೆಗಳಲ್ಲಿ ಶುಕ್ರವಾರ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಹೊರಗೆ ಕೊಡುವುದಿಲ್ಲ. ಕೊಟ್ಟರೆ ಲಕ್ಷ್ಮಿ ಅದರ ಜೊತೆ ಹೊಸ್ತಿಲು ದಾಟುತ್ತಾಳೆ ಎಂದು ನಂಬಿಕೆ. ಕೊಡಬಾರದು ಎಂದ ಮೇಲೆ ಕೇಳುವುದೂ ಇಲ್ಲ. ಶುಕ್ರವಾರ ಸಂಜೆ ಅವನು ಭಜನೆಯಲ್ಲಿ ಇರುತ್ತಿದ್ದದ್ದರಿಂದ ಆ ಹೊತ್ತಿನಲ್ಲಿ ಹೆಪ್ಪು ಕೇಳಬೇಕಾದ ಪ್ರಸಂಗ ನಮಗೆ ಬಂದೇ ಇರಲಿಲ್ಲ. ಆ ದಿನ ಅವನು ಭಜನೆಗೆ ಹೋಗಲಿಲ್ಲ.

ನಾನು ದೀಪ ಹಚ್ಚಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು ಏಳುತ್ತಿದ್ದೆ. ಪಾತ್ರೆ ಬಿದ್ದ ಸದ್ದು ಕೇಳಿತು. ಟೀವಿ ಜೋರಾಯಿತು. ಹೊಲಿಗೆಯವಳು ರೊದ್ದಂನಲ್ಲಿ ನೆಂಟರ ಮದುವೆಗೆ ಹೋಗಿದ್ದಳು, ಅವಳ ಕಿಟಕಿ ಮುಚ್ಚಿತ್ತು. ನಾನು ಹೊರಗೆ ಬರುವಷ್ಟರಲ್ಲಿ ಅಜ್ಜಿ ಮೊಣಕಾಲು ಹಿಡಿದುಕೊಂಡು ಬಟ್ಟಲು ಸಮೇತ ಎದುರು ಬಾಗಿಲು ಮುಟ್ಟಿದ್ದಳು. ಎಂದೂ ಮುಚ್ಚದ ಬಾಗಿಲು ಮುಚ್ಚಿತ್ತು. ಅಜ್ಜಿ ಬಟ್ಟಲಿನಿಂದಲೇ ತಟ್ಟಿದಳು.

“ಒಂಚೂರು ಹೆಪ್ಪು ಕೊಡಮ್ಮಾ.”

ಟೀವಿ ತಗ್ಗಿತು. ಒಳಗಿನಿಂದ ಅವನ ದನಿ. ಸಿಟ್ಟಿಲ್ಲ, ಏನಿಲ್ಲ. ಸಭೆಯಲ್ಲಿ ನೀರು ಕೊಡುವಾಗ ಇದ್ದಂಥ ದನಿ.

“ಅಜ್ಜೀ, ಇವತ್ತು ಶುಕ್ರವಾರ ಕಣಜ್ಜೀ. ದೀಪ ಹಚ್ಚಾಯ್ತು. ನೀವೇ ಹೇಳಿ, ಮೊಸರು ಹೊರಗೆ ಕೊಡಬೌದಾ?”

ಅಜ್ಜಿಯ ಬಾಯಿಂದ ತಾನಾಗಿ ಬಂತು: “ಹೌದಲ್ಲಪ್ಪಾ… ಬ್ಯಾಡ ಬುಡು.”

ಹೇಳಿ ಎರಡು ಮೆಟ್ಟಿಲು ಇಳಿದ ಮೇಲೆ ಅಜ್ಜಿ ನಿಂತಳು. ಕೈಯಲ್ಲಿದ್ದ ಬಟ್ಟಲನ್ನೇ ನೋಡಿದಳು. ನನ್ನನ್ನು ನೋಡಿದಳು. ನನಗೂ ಏನೂ ತೋಚಲಿಲ್ಲ. ನೀರು ಕೇಳಬಹುದಿತ್ತು, ಬೆಂಕಿಪೆಟ್ಟಿಗೆ ಕೇಳಬಹುದಿತ್ತು, ಏನೂ ಕೇಳದೆ ಬಾಗಿಲು ಒದೆಯಬಹುದಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆ ಹೊತ್ತಿನಲ್ಲಿ ನಮ್ಮಿಬ್ಬರ ಕಿವಿಯಲ್ಲೂ ಇದ್ದದ್ದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಒಂದೇ ಮಾತು. ಅವನು ಹೇಳಿದ್ದು ಸುಳ್ಳಲ್ಲ. ಅದಕ್ಕೇ ನಮ್ಮ ಕಾಲು ಹಿಂದೆ ಬಂತು. ಟೀವಿ ಮತ್ತೆ ಜೋರಾಯಿತು.

ಬೆಳಿಗ್ಗೆ ಅವನು ಆಟೋ ಕರೆಸಿ ಅವಳನ್ನು ಎತ್ತಿ ಕೂರಿಸಿದ. ಮನೆಗೆ ಬೀಗ ಹಾಕಿದ. “ಬಚ್ಚಲಲ್ಲಿ ಜಾರಿಬಿದ್ಳು ದೊಡ್ಡಮ್ಮಾ. ಹಾಲಿನವನು ಬಂದ್ರೆ ಇವತ್ತು ಬ್ಯಾಡ ಅಂದ್ಬಿಡಿ,” ಎಂದ. ಆಟೋದೊಳಗೆ ಹುಡುಗಿಯ ತಲೆ ಕಂಬಿಗೆ ಒರಗಿತ್ತು. ಕಿವಿಯ ಹತ್ತಿರ ಸೆರಗು ಅದುಮಿಕೊಂಡಿದ್ದಳು.

ಮಣಿಕಟ್ಟು ಮುರಿದಿತ್ತು. ಎಡಗಿವಿಯ ಒಳಗೆ ಹರಿದಿತ್ತು. ಆಸ್ಪತ್ರೆಗೆ ಪೊಲೀಸಿನವರು ಬಂದು ಕೇಳಿದಾಗ ಅವಳೂ ಜಾರಿಬಿದ್ದೆ ಎಂದಳಂತೆ. ಮಂಚದ ತಲೆಯ ಕಡೆ ಅವನು ನಿಂತು ಎಳನೀರಿಗೆ ಸ್ಟ್ರಾ ಹಾಕುತ್ತಿದ್ದ. ಅವಳ ತಾಯಿ ಬಂದು, ಸ್ವಲ್ಪ ವಾಸಿಯಾಗುವವರೆಗೆ ಎಂದು ಹೇಳಿ ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋದಳು.

ಮದುವೆ ಮುಗಿಸಿ ಬಂದ ಹೊಲಿಗೆಯವಳಿಗೆ ನಾನೇ ಎಲ್ಲ ಹೇಳಿದೆ. ಅವಳು ಬುರ್ಖಾ ಕೂಡ ತೆಗೆಯದೆ ನಿಂತು ಕೇಳಿದಳು.

“ಅಕ್ಕಾ, ನಿಮ್ ಲಕ್ಷ್ಮಿ ಮನೆ ಬಿಟ್ಟು ಹೋಯ್ತಾಳೆ ಅಂತ ಆ ಹುಡುಗೀನ ಒಳಗೇ ಬಿಟ್ಟು ಬಂದ್ರಾ?”

ಆಮೇಲೆ ಬುರ್ಖಾ ತೆಗೆದು ನನ್ನ ಪಕ್ಕ ಕುಳಿತಳು. “ನಾನಿದ್ರೂ ಅವ್ನು ಬಾಗ್ಲು ತೆಗೀತಿರಲಿಲ್ಲ ಬಿಡಿ. ನಂಗೆ ಇನ್ನೊಂದೇನೋ ಹೇಳ್ತಿದ್ದ,” ಎಂದಳು. ಅದು ನಿಜವಿರಲಿ, ನನ್ನ ಸಮಾಧಾನಕ್ಕೆ ಹೇಳಿದ್ದಿರಲಿ, ಆ ಮಾತನ್ನು ನಾನು ಪ್ರಸಾದದ ಹಾಗೆ ಎರಡು ಕೈಯಲ್ಲಿ ತೆಗೆದುಕೊಂಡೆ.

ಅಜ್ಜಿ ಅವತ್ತಿನಿಂದ ಮೊಸರು ಮುಟ್ಟಲಿಲ್ಲ. ಅನ್ನಕ್ಕೆ ಸಾರು ಹಾಕಿಕೊಂಡು ಅಷ್ಟಕ್ಕೇ ಏಳುತ್ತಾಳೆ. ಜಗಲಿಗೆ ಬರುವುದನ್ನೂ ಬಿಟ್ಟಳು. ಬೀದಿಯ ಕುಡುಕನ ಮನೆಯಲ್ಲಿ ಗಲಾಟೆಯಾದರೆ ಈಗಲೂ ಒಬ್ಬಿಬ್ಬರು ಬಟ್ಟಲು ಹಿಡಿದು ಹೋಗುತ್ತಾರೆ. ಅವನು ಒಳಗಿನಿಂದಲೇ ನಗುತ್ತಾನೆ: “ಬಂದ್ರು ನೋಡು, ಮೈಕ್‌ನೋರು!” ಗುಟ್ಟು ಇಲ್ಲದ ಮೇಲೆ ಹೆಪ್ಪು ಬರೀ ಹೆಪ್ಪು.

ನಾನು ಒಂದು ಸಲ ತಂಗಿಯ ಮನೆಗೆ ಹೋದವಳು ಹುಡುಗಿಯನ್ನು ನೋಡಲು ಹೋದೆ. ತಾಯಿ ಮನೆಮುಂದೆ ಇಡ್ಲಿ ಮಾಡಿ ಮಾರುತ್ತಾಳೆ. ತಂದೆ ಇಲ್ಲ. ಹುಡುಗಿ ಒಳಗೆ ಕುಳಿತು ಚಟ್ನಿಗೆ ಕಡಲೆಕಾಯಿ ಸುಲಿಯುತ್ತಿದ್ದಳು, ಮುರಿದ ಕೈಯ ಬೆರಳುಗಳಿಗೆ ಇನ್ನೂ ಬಲ ಬಂದಿರಲಿಲ್ಲ. ನಾನು ಪಕ್ಕ ಕುಳಿತು ಮಾತಾಡಿಸಿದರೆ ಸುಮ್ಮನಿದ್ದಳು. ಆಮೇಲೆ ತಿರುಗಿ ನೋಡಿ ನಕ್ಕಳು.

“ಈ ಕಡೆ ಬಂದು ಕೂತ್ಕಳ್ಳಿ ದೊಡ್ಡಮ್ಮಾ. ಆ ಕಡೆ ರೇಡಿಯೋ ಕೆಟ್ಟೋಗದೆ.”

ಎದ್ದು ಬಲಗಡೆಗೆ ಹೋಗಿ ಕುಳಿತೆ. ಅಜ್ಜಿ ಮೊಸರು ಬಿಟ್ಟಿದ್ದನ್ನು ಹೇಳಿದೆ. ಹೇಳಬಾರದಿತ್ತೇನೋ. ಅವಳು ಒಂದು ಕಾಯಿ ಒಡೆದು ನನ್ನ ಕೈಗೆ ಬೀಜ ಹಾಕಿದಳು.

“ಅವತ್ತು ನೀವಿಬ್ರು ಬಂದಿದ್ದು ಕೇಳುಸ್ತು. ಬಟ್ಟಲಲ್ಲಿ ತಟ್ಟಿದ್ದೂ ಕೇಳುಸ್ತು. ಆಗ ಎರಡು ಕಿವೀನೂ ಇತ್ತಲ್ಲ. ಅಜ್ಜೀಗೆ ಬೇಜಾರು ಮಾಡ್ಕಾಬ್ಯಾಡಿ ಅನ್ನಿ. ಶುಕ್ರವಾರ ನಾನಾದ್ರೂ ಕೊಡ್ತಿರಲಿಲ್ಲ.”

ಅವಳು ಇದನ್ನು ನಮ್ಮ ಮೇಲಿನ ಕರುಣೆಯಿಂದ ಹೇಳಲಿಲ್ಲ. ನಿಜವಾಗಿಯೂ ಕೊಡುತ್ತಿರಲಿಲ್ಲ. ನಮ್ಮ ಹಾಗೆಯೇ ಬೆಳೆದವಳು. ಹೊರಗೆ ನಾವು, ಒಳಗೆ ಅವಳು, ನಡುವೆ ಅವನು, ನಾಲ್ವರಿಗೂ ಒಂದೇ ದೇವರು. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯ ಕಂಬಿ ಹಿಡಿದುಕೊಂಡು ಇದನ್ನೇ ಯೋಚಿಸಿದೆ. ದೇವರನ್ನು ಬೈಯುವವಳಲ್ಲ ನಾನು. ಅವತ್ತು ಪ್ರಾರ್ಥನೆಯನ್ನೂ ಮಾಡಲಿಲ್ಲ.

ಎದ್ದು ಬರುವ ಮುಂಚೆ ಅವಳನ್ನು ಕೇಳಿದ್ದೆ: “ಇಲ್ಲೇ ಇದ್ಬಿಡ್ತೀಯಾ?”

“ಇಲ್ಲಿ ಎಷ್ಟು ದಿನ ದೊಡ್ಡಮ್ಮಾ? ತಂಗಿ ಮದುವೇಗೆ ಬಂದವ್ಳೆ. ನಾನು ಮನೇಲಿ ಕೂತ್ರೆ ನೋಡಕ್ಕೆ ಬಂದೋರು ಎದ್ದೋಗ್ತಾರೆ. ಪೆದ್ದಮನುಷ್ಯರು ಏನ್ ಹೇಳ್ತಾರೋ ಹಂಗೆ.”

ಹೊರಗೆ ತಾಯಿ ಇಡ್ಲಿ ತಟ್ಟೆಗೆ ಹಿಟ್ಟು ಹುಯ್ಯುತ್ತಾ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಳು. ಒಳಗೆ ಬರಲಿಲ್ಲ.

ಹೀಗೆ ಪೆದ್ದಮನುಷ್ಯರು ಹೇಳಿದ್ದು ಈ ಗುರುವಾರ, ತಂಗಿಯ ಫೋನು ಬಂದ ದಿನ, ಆಯಿತು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಎದುರು ಮನೆಯ ಮುಂದೆ ಆಟೋ ನಿಂತಿತು. ಮೊದಲು ಅವನು ಇಳಿದು ಬ್ಯಾಗು ತೆಗೆದುಕೊಂಡ. ಹಿಂದೆ ಅವಳು. ಮುಡಿದ ಹೂವು ಬಸ್ಸಿನ ಗಾಳಿಗೆ ಒಣಗಿತ್ತು. “ಚೆನ್ನಾಗಿದ್ದೀರಾ ದೊಡ್ಡಮ್ಮಾ? ಹುಣಸೆಹಣ್ಣು ಈ ಸಲ ಚೆನ್ನಾಗೈತೆ,” ಎಂದು ಅವನೇ ಮಾತಾಡಿಸಿದ. ನಾನು ತಲೆ ಆಡಿಸಿದೆ. ಹುಡುಗಿ ನನ್ನನ್ನು ನೋಡಿದಳು, ನೋಡದವಳಂತೆ ಒಳಗೆ ಹೋದಳು.

ಹೊಲಿಗೆಯವಳು ಮಿಷನ್ ಬಿಟ್ಟು ಬಂದಳು. “ಅಕ್ಕಾ, ಸದ್ದು ಕೇಳೋ ತನಕ ಕಾಯೋದು ಬ್ಯಾಡ. ಇವತ್ತೇ ಹೋಗಾಣ. ನಾವಿದ್ದೀವಿ ಅಂತ ಅವ್ಳಿಗಾದ್ರೂ ಗೊತ್ತಾಗ್ಲಿ.”

ನನಗೂ ಅದೇ ಸರಿ ಎನ್ನಿಸಿತು. ಅಜ್ಜಿಯ ಬಟ್ಟಲನ್ನೇ ತೆಗೆದುಕೊಂಡು ಹೋಗಬೇಕೆಂದು ಮೂಲೆ ಮನೆಗೆ ಹೋದೆವು. ಬಟ್ಟಲು ಸ್ಟ್ಯಾಂಡಿನ ಮೇಲೆ ಬೋರಲು ಬಿದ್ದಿತ್ತು.

“ಅಜ್ಜೀ, ಹುಡುಗಿ ಬಂದ್ಲು. ಬತ್ತೀಯಾ?”

“ನಾನ್ಯಾಕೆ? ಬಾಯಿ ಬಿಟ್ರೆ ಏನ್ ಬತ್ತದೋ,” ಎಂದು ಅಜ್ಜಿ ಗೋಡೆಯ ಕಡೆ ತಿರುಗಿದಳು. “ಬಟ್ಟಲು ತಗಂಡೋಗಿ.”

ಬಾಗಿಲು ತೆರೆದೇ ಇತ್ತು. ಒಳಗೆ ಹುಡುಗಿ ನೆಲದ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳ ಎಡಗಡೆ ನಮ್ಮ ಕಡೆಗಿತ್ತು.

“ಒಂಚೂರು ಹೆಪ್ಪು ಕೊಡಮ್ಮಾ,” ಎಂದೆ.

ಅವಳು ಅಕ್ಕಿಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟಳು. ಹೊಲಿಗೆಯವಳು ಇನ್ನೂ ಗಟ್ಟಿಯಾಗಿ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅವನು ಅಡುಗೆಮನೆಯಿಂದ ಬಂದ.

“ಆ ಕಿವಿ ಕೇಳ್ಸಲ್ಲ ಬಿಡಿ ದೊಡ್ಡಮ್ಮಾ. ನಾನೇ ಕೊಡ್ತೀನಿ.”

ಕೈಯಲ್ಲಿ ಅದಾಗಲೇ ಒಂದು ಲೋಟ ಇತ್ತು. ನನ್ನ ಬಟ್ಟಲಿಗೆ ಮೊಸರು ಸುರಿದ. ಅವನ ಅಂಗೈಯಲ್ಲಿ ಕರ್ಪೂರದ ಸುಟ್ಟ ಗುರುತು ಇನ್ನೂ ಕಪ್ಪಗಿತ್ತು. ಆ ಮನೆಯಲ್ಲಿ ಹಾಲು ಕಾಯಿಸುವವರಿಲ್ಲದೆ ಎಷ್ಟೋ ಕಾಲವಾಗಿತ್ತು. ಇದು ಅಂಗಡಿಯ ಪ್ಯಾಕೆಟ್ ಮೊಸರು. ನಾವು ಬರುತ್ತೇವೆಂದು ದಾರಿಯಲ್ಲೇ ಕೊಂಡು ತಂದಿದ್ದ.

“ಜಾಸ್ತೀನೇ ಹಾಕಿದ್ದೀನಿ,” ಎಂದ. “ನಾಳೆ ಶುಕ್ರವಾರ ಅಲ್ವಾ, ಕೊಡಕ್ಕಾಗಲ್ಲ.”

ಬಾಗಿಲನ್ನು ಮೆಲ್ಲಗೆ, ಸದ್ದಿಲ್ಲದಂತೆ ಮುಚ್ಚಿದ. ಅದು ಪೂರ್ತಿ ಮುಚ್ಚುವವರೆಗೂ ಹುಡುಗಿ ಮೊರದಿಂದ ತಲೆ ಎತ್ತಲಿಲ್ಲ. ನಾವು ಬಂದದ್ದೇ ಅವಳಿಗೆ ಗೊತ್ತಾಗಲಿಲ್ಲ.

ಬೀದಿಯ ನಡುವೆ ನಿಂತು ಹೊಲಿಗೆಯವಳು ಕೇಳಿದಳು: “ಅಕ್ಕಾ, ಇನ್ನೇನ್ ಕೇಳಾಣ?”

ನಾಳೆ ಎಲ್ಲಿಗಾದರೂ ಹೋಗುತ್ತೀಯಾ ಎಂದು ಅವಳನ್ನು ಕೇಳಿದೆ. ಇಲ್ಲ, ಮನೆಯಲ್ಲೇ ಇರುತ್ತೇನೆ ಎಂದಳು. ಅದೊಂದು. ಹುಡುಗಿಯ ಬಲಗಿವಿ ಚೆನ್ನಾಗಿದೆ, ಅದೊಂದು. ಅವಳು ಕುಳಿತ ಜಾಗ ನನ್ನ ಅಡುಗೆಮನೆಯ ಕಿಟಕಿಗೆ ನೇರ, ಅದೊಂದು. ಶಿವ ಕೊಟ್ಟಿದ್ದನ್ನು ಕಡಿಮೆ ಎನ್ನಬಾರದು. ಇನ್ನೂ ಏನಾದರೂ ಇದೆಯೇ ಎಂದು ಮನೆಯ ಮೆಟ್ಟಿಲು ಹತ್ತುವವರೆಗೆ ಹುಡುಕಿದೆ. ಇರಲಿಲ್ಲ. ಎದುರು ಮನೆಯಲ್ಲಿ ಟೀವಿ ಹಾಕಿದರು. ಸದ್ದು ಸಾಧಾರಣವಾಗಿಯೇ ಇತ್ತು.

ಮೊಸರು ಚೆಲ್ಲುವುದು ನಮ್ಮಲ್ಲಿಲ್ಲ. ಮಜ್ಜಿಗೆಯ ಪಾತ್ರೆಗೆ ಸುರಿದು ಮುಚ್ಚಿಟ್ಟೆ. ಅಜ್ಜಿಯ ಬಟ್ಟಲನ್ನು ತೊಳೆದು ಒರೆಸಿದೆ. ಜಗಲಿಯ ಮೇಲೆ ಬಿಡಿಸಿಟ್ಟ ಹುಣಸೆಹಣ್ಣು ಹಾಗೆಯೇ ಬಿದ್ದಿತ್ತು, ಸಂಜೆಯ ಗಾಳಿಗೆ ಬಿಟ್ಟರೆ ಹುಳ ಬೀಳುತ್ತದೆ. ಕಲ್ಲುಪ್ಪಿನ ಡಬ್ಬಿ ತಂದು, ಒಂದೊಂದು ಪದರಕ್ಕೆ ಒಂದು ಹಿಡಿ ಉದುರಿಸಿ, ಹಣ್ಣನ್ನು ಮಡಕೆಯೊಳಗೆ ಒತ್ತತೊಡಗಿದೆ.